ಏಕವಚನ

ಭಾನುವಾರ, ಜೂನ್ ೯

ಪ್ರೀತಿಯ ಪೀಪಿಗೆ,

ಅಕ್ಕನ ನೆನಪುಗಳು. ತಡವಾಯಿತು, ಕ್ಷಮಿಸು. ನಿನ್ನ ಎರಡು ಕಾಗದಗಳೂ ಬಂದು ತಿಂಗಳಾಯಿತು. ಎರಡೂ ಅಮ್ಮನ ಔಷಧಿ ಡಬ್ಬಿಯ ಕೆಳಗಿವೆ. ದಿನಕ್ಕೆ ಮೂರು ಸಲ ಡಬ್ಬಿ ಎತ್ತುತ್ತೇನೆ, ಮೂರು ಸಲವೂ ನಿನ್ನ ಕಾಗೆ ಕಾಲಿನ ಅಕ್ಷರ ಕಾಣುತ್ತದೆ, ಇವತ್ತು ಬರೆದೇ ತೀರಬೇಕು ಅಂದುಕೊಂಡು ಡಬ್ಬಿಯನ್ನು ಮತ್ತೆ ಅದರ ಮೇಲೇ ಇಡುತ್ತೇನೆ. ನಲವತ್ತೇಳು ವರ್ಷದ ಹೆಂಗಸು ಊರಿಗೆಲ್ಲ ಗೊತ್ತಿರುವ ಗಾಯಕನನ್ನು ಇನ್ನೂ ಪೀಪಿ ಎನ್ನುವುದೇನು ಎಂದು ನೀನು ಮೂಗು ಮುರಿಯಬಹುದು. ರೆಕಾರ್ಡಿನ ಮೇಲೆ ನೀನು ಏನು ಹೆಸರಾದರೂ ಹಾಕಿಸಿಕೋ. ಹುಟ್ಟಿದ ಆರು ತಿಂಗಳು ಊರು ಎದ್ದೇಳುವ ಹಾಗೆ ಊದುತ್ತಿದ್ದವನನ್ನು ಎತ್ತಿಕೊಂಡು ತಿರುಗಿದವಳು ನಾನು, ಹೆಸರಿಟ್ಟವಳೂ ನಾನೇ.

ನನ್ನ ಆರೋಗ್ಯಕ್ಕೇನು ಧಾಡಿ, ಗಟ್ಟಿಯಾಗಿದ್ದೇನೆ. ಅಮ್ಮನದು ಮಾತ್ರ ಇಳಿಮುಖ. ನೀನು ‘ಅಮ್ಮ ನನ್ನ ಕೇಳುತ್ತಾಳಾ’ ಎಂದು ಬರೆದಿದ್ದೀಯ. ಅವಳು ಯಾರನ್ನೂ ಕೇಳುವುದಿಲ್ಲ ಮಾರಾಯ, ಮೂರು ವಾರದಿಂದ ಬಾಯಲ್ಲಿ ಒಂದಕ್ಷರ ಇಲ್ಲ. ಅದಕ್ಕೆ ಮುಂಚೆ ಒಂದು ವರ್ಷದಿಂದ ನನ್ನನ್ನು ‘ನೀವು’ ಎನ್ನುತ್ತಿದ್ದಳು. ಬನ್ನಿ, ಕೂತ್ಕೊಳ್ಳಿ, ನಿಮ್ಮ ಮನೆಯವರು ಕರ್ಕೊಂಡು ಹೋಗೋಕೆ ಯಾವಾಗ ಬರ್ತಾರೆ, ಹೀಗೆ. ಮೈ ಒರೆಸುವಾಗ ನಾಚಿಕೆಪಡುತ್ತಾಳೆ, ಹೊರಗಿನವರ ಕೈಲಿ ಒರೆಸಿಕೊಳ್ಳಬೇಕಾಯಿತಲ್ಲ ಎಂದು. ಡಾಕ್ಟರು ಅದು ಕಾಯಿಲೆಯ ಲಕ್ಷಣ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅವರ ತಾಯಿ ಅವರನ್ನು ನೀವು ಅಂದಿಲ್ಲ, ಅದಕ್ಕೆ ಹೇಳುವುದು ಸುಲಭ. ನಾನು ರೇಡಿಯೋ ನಿಲಯದ ಕೆಲಸಕ್ಕೆ ಹೋದಾಗ ಕೆಳಗಿನ ಮನೆಯ ಟೈಲರಮ್ಮ ತನ್ನ ಮಿಷನ್ನು ತಂದು ನಮ್ಮ ಕೋಣೆಯಲ್ಲೇ ಇಟ್ಟುಕೊಂಡು ಹೊಲಿಯುತ್ತಾ ನೋಡಿಕೊಳ್ಳುತ್ತಾಳೆ. ಅವಳಿಗೆ ಪುಣ್ಯ ಬರಲಿ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಎರಡು ಕಾಗದದಲ್ಲೂ ಅದೊಂದೇ: ನಿನ್ನ ಹಾಡಿನ ಮೇಲೆ ದೂರು ಕೊಟ್ಟವರು ಯಾರು, ಹೆಸರು ಹುಡುಕಿ ಕೊಡು. ಪೀಪಿ, ನಾನು ರೆಕಾರ್ಡುಗಳ ಕೋಣೆಯವಳು. ತಟ್ಟೆ ಒರೆಸುವುದು, ಚೀಟಿ ಅಂಟಿಸುವುದು, ಕೇಳಿದವರಿಗೆ ಎತ್ತಿ ಕೊಡುವುದು, ಇಷ್ಟೇ ನನ್ನ ರಾಜ್ಯ. ಫೈಲು ಸಾಹೇಬರ ಬೀರುವಿನಲ್ಲಿದೆ, ಬೀಗದ ಕೈ ಸಾಹೇಬರ ಸೊಂಟದಲ್ಲಿದೆ. ಕಾಗದದ ಕೊನೆಯಲ್ಲಿ ‘ನೊಂದ ಒಬ್ಬ ವಿಧವೆ’ ಎಂದಷ್ಟೇ ಇದೆಯಂತೆ, ಹೆಸರಿಲ್ಲ, ವಿಳಾಸವಿಲ್ಲ.

ದೂರು ವಿಚಾರಿಸಲು ಕೂತ ಸಮಿತಿ ಹೇಗೆ ನಡೆಯಿತು ಎಂದು ಮಾತ್ರ ಹೇಳಬಲ್ಲೆ, ಏಕೆಂದರೆ ರೆಕಾರ್ಡಿನ ಮೇಲೆ ಮುಳ್ಳು ಇಟ್ಟವಳು ನಾನೇ. ಹಾಡಿದವನು ನನ್ನ ತಮ್ಮ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲವಲ್ಲ, ನಾನೂ ಬಾಯಿ ಬಿಡಲಿಲ್ಲ. ನಮ್ಮ ಸಾಹೇಬರು, ಒಬ್ಬ ನಿವೃತ್ತ ಮೇಷ್ಟ್ರು, ಮಹಿಳಾ ಸಂಘದ ಅಧ್ಯಕ್ಷೆ, ಮೂವರೂ ಕಣ್ಣು ಮುಚ್ಚಿಕೊಂಡು ಕೇಳಿದರು. ‘ಊಟ ಆರಿ ಹೋಯ್ತು, ಬಾರೋ ಮುಂಡೇದೇ. ಬಾಗ್ಲು ತೆಗ್ದೇ ಇದೆ, ಬಾರೋ ಮುಂಡೇದೇ.’ ಮುಗಿಯಿತು. ಆ ಮೇಲೆ ಆ ಪದವನ್ನು ಬಾಯಿಬಿಟ್ಟು ಹೇಳುವವರು ಯಾರು? ಸಾಹೇಬರು ‘ಆ ಪದ’ ಎಂದರು. ಅಧ್ಯಕ್ಷೆ ‘ಆ ಪದವೂ ಸೇರಿ’ ಎಂದುಬಿಟ್ಟರು. ಹಾಗಾದರೆ ಇನ್ನೊಂದು ಯಾವುದು ಎಂದು ಉಳಿದಿಬ್ಬರೂ ಗಾಬರಿಯಾಗಿ ಮತ್ತೆ ಎರಡು ಸಲ ಹಾಡು ಹಾಕಿಸಿದರು. ಇನ್ನೊಂದು ಇರಲಿಲ್ಲ. ಕೊನೆಗೆ ಮೇಷ್ಟ್ರು ಕನ್ನಡಕ ಒರೆಸುತ್ತಾ ಅರ್ಥ ಬಿಡಿಸಿದರು: ಮುಂಡೆ ಎಂದರೆ ಗಂಡ ಸತ್ತವಳು, ಅದೂ ಹೀನವಾಗಿ ಹೇಳುವುದು, ಮುಂಡೇದು ಎಂದರೆ ಅಂಥವಳಿಗೆ ಹುಟ್ಟಿದ್ದು, ತಂದೆ ಯಾರು ಎಂಬ ಪ್ರಶ್ನೆ ಅದರೊಳಗೇ ಇದೆ. ಆಮೇಲೆ ಮೆಲ್ಲಗೆ, ನಮ್ಮಜ್ಜಿ ನನ್ನ ಹಾಗೇ ಕರೀತಿದ್ರು ಎಂದು ಸೇರಿಸಿದರು. ಅದನ್ನು ವರದಿಯಲ್ಲಿ ಬರೆಯಬೇಡಿ ಎಂದು ಸಾಹೇಬರು ಗುಮಾಸ್ತರಿಗೆ ಹೇಳಿದರು.

ನನಗೆ ಆಗ ನಮ್ಮ ಹಳೆಯ ಮನೆಯ ಬಾಗಿಲು ಕಣ್ಣಿಗೆ ಕಟ್ಟಿತು. ಅಮ್ಮ ಊರಿನವರ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದವಳು, ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಹೊಸ್ತಿಲಿಗೆ ಬಂದು ಬೀದಿಯ ಕೊನೆಯವರೆಗೆ ಕೇಳುವ ಹಾಗೆ ‘ಊಟ ಆರಿ ಹೋಯ್ತು, ಬನ್ರೋ ಮುಂಡೇವಾ’ ಎಂದು ಕೂಗುವುದು. ನೆನಪಿದೆಯಾ? ನಿನ್ನ ಹಾಡಿನಲ್ಲಿ ಅದು ‘ಬಾರೋ ಮುಂಡೇದೇ’ ಆಗಿದೆ. ತಾಳಕ್ಕೆ ಕೂರಬೇಕಲ್ಲ, ಇರಲಿ. ಅಪ್ಪ ಹೋದಾಗ ಬೀದಿಯವರು ಅವಳ ಬೆನ್ನ ಹಿಂದೆ ಆಡುತ್ತಿದ್ದ ಮಾತು ಅದೇ. ನನಗೆ ಹತ್ತು ವರ್ಷವಾಗಿದ್ದಾಗ ಕೇಳಿದ್ದೆ, ಯಾಕಮ್ಮ ನಮ್ಮನ್ನ ಹಾಗೆ ಕರೀತೀಯ ಎಂದು. ‘ಅವರು ನನ್ನ ಮೇಲೆ ಎಸೆದಿದ್ದನ್ನೇ ಒಗೆದು, ಇಸ್ತ್ರಿ ಮಾಡಿ ನಿಮಗೆ ತೊಡಿಸಿದೀನಿ ಕಣೆ’ ಎಂದಿದ್ದಳು. ಈ ಮಾತನ್ನು ಸಮಿತಿಯ ಮುಂದೆ ಹೇಳಬೇಕಾಗಿತ್ತು. ನನ್ನನ್ನು ಕೇಳಿದವರು ಯಾರು, ನಾನು ಮುಳ್ಳು ಎತ್ತಿ ರೆಕಾರ್ಡು ಕವರಿಗೆ ಹಾಕಿದೆ.

ಅಂತೂ ನಿಷೇಧ ಆಗಲಿಲ್ಲ. ಹಾಡು ಇರಲಿ, ಪದ ತೆಗೆಯಿರಿ ಎಂದು ತೀರ್ಮಾನವಾಯಿತು. ಟೇಪು ಜೋಡಿಸುವ ನಮ್ಮ ‘ಕತ್ತರಿ’ ಇದ್ದಾನಲ್ಲ, ಅವನು ಹಾಡನ್ನು ಟೇಪಿಗೆ ಇಳಿಸಿಕೊಂಡು, ಬ್ಲೇಡಿನಿಂದ ಎಂಟು ಮುಂಡೇದೇಗಳನ್ನು ಕತ್ತರಿಸಿ, ಆ ಜಾಗಕ್ಕೆ ಅಷ್ಟೇ ಉದ್ದದ ಖಾಲಿ ಟೇಪು ಸೇರಿಸಿದ. ಕತ್ತರಿಸಿದ ಎಂಟು ಚೂರನ್ನೂ ಒಂದಕ್ಕೊಂದು ಅಂಟಿಸಿ ಹಾಕಿದ ನೋಡು, ನಿನ್ನ ದನಿ ಬಿಡುವಿಲ್ಲದೆ ಎಂಟು ಸಲ ಮುಂಡೇದೇ ಮುಂಡೇದೇ ಎಂದಿತು. ಇಡೀ ನಿಲಯ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ.

ಕೊನೆಗೆ, ಈ ಕಾಗದವನ್ನು ಇವತ್ತೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ಇವತ್ತು ಮಧ್ಯಾಹ್ನ ‘ಕೇಳುಗರ ಕೋರಿಕೆ’ಯಲ್ಲಿ ಆ ಕತ್ತರಿಸಿದ ಹಾಡು ಮೊದಲ ಸಲ ಬಂತು. ನಾನು ಅಮ್ಮನಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದೆ. ‘ಊಟ ಆರಿ ಹೋಯ್ತು, ಬಾರೋ’ ಎಂದಿತು, ಆಮೇಲೆ ಸುಮ್ಮನಾಯಿತು. ಅಮ್ಮ ಚಮಚ ತಳ್ಳಿ ತಲೆ ಎತ್ತಿದಳು. ಎರಡನೆಯ ಸಲ ಸುಮ್ಮನಾದಾಗ ತುಟಿ ಅಲ್ಲಾಡಿತು. ಮೂರನೆಯ ಸಲಕ್ಕೆ, ಪೀಪಿ, ಮೂರು ವಾರ ಮೂಕಿಯಾಗಿದ್ದವಳು ಸ್ಪಷ್ಟವಾಗಿ ‘ಮುಂಡೇದೇ’ ಎಂದಳು. ಆಮೇಲಿನ ಒಂದು ಜಾಗವನ್ನೂ ಬಿಡಲಿಲ್ಲ. ಸರಿಯಾಗಿ ತಾಳಕ್ಕೆ, ನಿನಗಿಂತ ಚೆನ್ನಾಗಿ. ಕಣ್ಣು ರೇಡಿಯೋದ ಮೇಲಿತ್ತು. ಹಾಡು ಮುಗಿದ ಮೇಲೆ ಹಾಲು ಪೂರ್ತಿ ಕುಡಿದಳು.

ನೀನು ಹಾಡಲೆಂದು ಮನೆ ಬಿಟ್ಟು ಹೋದ ದಿನ, ಇನ್ನು ನನ್ನ ಮುಖ ನೋಡಬೇಡ ಎಂದಿದ್ದವಳು ಅವಳೇ. ಇವತ್ತು ಅವಳೇ ಕರೆದಿದ್ದಾಳೆ. ದೂರು ಗೀರು ಎಲ್ಲ ಮರೆತುಬಿಡು. ಗಂಟಲು ನೋಡಿಕೋ, ತಣ್ಣನೆಯದು ಕುಡಿಯಬೇಡ, ನೂರು ಕಾಲ ಹಾಡು.

ನಿನ್ನ ಅಕ್ಕ

*

ಬುಧವಾರ, ಆಗಸ್ಟ್ ೨೧

ಪೀಪಿ,

ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ. ನಿನಗೆ ಗೊತ್ತಾಗಿಯೇ ಇರುತ್ತದೆ. ಹಾಡು ಪೂರ್ತಿ ಹೋಯಿತು. ಕತ್ತರಿಸಿದ್ದೂ ಇಲ್ಲ, ಇಡಿಯದೂ ಇಲ್ಲ. ಇಪ್ಪತ್ತು ದಿನವಾಯಿತು, ನಿನಗೆ ನಾನೇ ತಿಳಿಸಬೇಕಾಗಿತ್ತು, ಕೈ ಬರಲಿಲ್ಲ.

ಹೇಗಾಯಿತು ಎಂದು ಹೇಳುತ್ತೇನೆ, ಅಳಬೇಕೋ ನಗಬೇಕೋ ನೀನೇ ತೀರ್ಮಾನಿಸು. ಪದ ಇದ್ದಷ್ಟು ದಿನ ಜನ ಹಾಡು ಕೇಳಿ ಸುಮ್ಮನಿದ್ದರು. ಪದ ತೆಗೆದಿದ್ದೇ ತಡ, ಊರಿಗೆ ಊರೇ ಆ ಜಾಗ ತುಂಬಲು ನಿಂತಿತು. ಬಸ್ಸಿನಲ್ಲಿ ಡ್ರೈವರು ರೇಡಿಯೋ ಹಾಕಿದರೆ ಸುಮ್ಮನಾದಲ್ಲೆಲ್ಲ ಹಿಂದಿನ ಸೀಟಿನವರು ಕೋರಸ್ಸಿನಲ್ಲಿ ಕೂಗುವುದು. ಆ ಮೇಲೆ ಕೋರಿಕೆ ಕಾರ್ಡುಗಳು ಶುರುವಾದವು. ಮೊದಲೆಲ್ಲ ಪ್ರೀತಿಯ ತಂಗಿಗಾಗಿ, ಮದುವೆಯ ದಿನಕ್ಕಾಗಿ ಎಂದು ಬರುತ್ತಿದ್ದ ಕಾರ್ಡುಗಳು ಈಗ ‘ನಮ್ಮ ಹೆಡ್ ಕ್ಲರ್ಕ್ ಅವರಿಗಾಗಿ ಈ ಹಾಡು’, ‘ನಮ್ಮ ಮನೆಯ ಮಾಲೀಕರಿಗಾಗಿ’, ‘ಹೆಂಡತಿಯ ಅಣ್ಣನಿಗಾಗಿ’ ಎಂದು ಬರತೊಡಗಿದವು. ಅನೌನ್ಸರಮ್ಮ ಪಾಪದ ಹುಡುಗಿ, ಎಲ್ಲವನ್ನೂ ಜೇನು ದನಿಯಲ್ಲಿ ಓದಿದಳು. ಒಂದು ಭಾನುವಾರ ಒಂದು ಕಾರ್ಡು: ‘ರೇಡಿಯೋ ನಿಲಯದ ಸಾಹೇಬರಿಗಾಗಿ, ಪ್ರೀತಿಯಿಂದ, ಅವರ ಸಿಬ್ಬಂದಿ.’ ಅದನ್ನೂ ಓದಿದಳು. ಮಾರನೆಯ ದಿನವೇ ಸಾಹೇಬರು ಮೇಲಕ್ಕೆ ಬರೆಯಲು ಕುಳಿತರು.

ಆದರೂ ಅವರು ಕೆಟ್ಟವರಲ್ಲ. ಬರೆಯುವುದಕ್ಕೆ ಮುಂಚೆ ನನ್ನನ್ನು ಒಳಗೆ ಕರೆದು ಕೂರಿಸಿಕೊಂಡು ಕೇಳಿದರು, ‘ನೀವು ಹಳಬರು. ನಿಜ ಹೇಳಿ, ನಿಮ್ಮ ಮನೇಲಿ ಯಾರಾದ್ರೂ ಈ ಪದಾನ ಪ್ರೀತಿಯಿಂದ ಅಂತಾರಾ? ಇದ್ರೆ ಹೇಳಿ, ಮೇಲಿನವರಿಗೆ ಹಾಗೇ ಬರೀತೀನಿ. ಹಾಡು ಉಳಿದ್ರೂ ಉಳೀಬಹುದು.’

ನಾನು ‘ಇಲ್ಲ ಸಾರ್’ ಎಂದೆ.

ಯಾಕೆ ಹಾಗೆಂದೆ ಎಂದು ಕೇಳಬೇಡ. ನಮ್ಮ ಮನೆಯವರನ್ನು ಕೀಳು ಎಂದುಕೊಂಡಾರು ಎಂದು ಇರಬಹುದು. ಪ್ರೀತಿಯಿಂದ ಅನ್ನುತ್ತಾರಾ ಎಂದು ಕೇಳಿದರಲ್ಲ, ಆ ಹೊತ್ತಿಗೆ ನನ್ನ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಅನ್ನುತ್ತಿರಲಿಲ್ಲ, ಅದೂ ನಿಜ. ಹಾಗೆಂದುಕೊಂಡು ಸಮಾಧಾನ ಮಾಡಿಕೊಂಡೆ, ಆಗಲಿಲ್ಲ.

ಆದೇಶ ಬಂತು. ಕತ್ತರಿಸಿದ ಹಾಡಿನ ಟೇಪನ್ನು ಆ ದಿನವೇ ಅಳಿಸಿದರು. ನಿಷೇಧವಾದ ಹಾಡನ್ನು ಸುಮ್ಮನೆ ಕಪಾಟಿನಲ್ಲಿಟ್ಟರೆ ಸಾಲದು, ಯಾರಾದರೂ ತಪ್ಪಿ ಹಾಕಿಬಿಟ್ಟಾರು. ರೆಕಾರ್ಡಿನ ಮೇಲೆ ಆ ಹಾಡಿನ ಜಾಗವನ್ನು ದಬ್ಬಣದಿಂದ ಅಡ್ಡಡ್ಡ ಗೀರಬೇಕು, ಮುಳ್ಳು ಇಟ್ಟರೆ ಜಾರಿ ಹೋಗುವ ಹಾಗೆ. ಆಮೇಲೆ ಕವರಿನ ಮೇಲೆ ಕೆಂಪು ಚೀಟಿ. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಹಾಡು ಗೀರಿದ್ದೇನೆ. ನಿನ್ನದೂ ನನ್ನ ಕೈಯಲ್ಲೇ ಆಯಿತು. ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ನಾಲ್ಕು ಗೀರು ಎಳೆದೆ. ಕಪ್ಪು ಪುಡಿ ಉಗುರಿನ ಸಂದಿಯಲ್ಲಿ ಸೇರಿಕೊಂಡು ಎರಡು ದಿನ ಹೋಗಲಿಲ್ಲ.

ಈಗ ಅಮ್ಮನ ವಿಷಯ. ಹಾಡು ಬರುತ್ತಿದ್ದ ಎಂಟು ಭಾನುವಾರ ಮನೆಯಲ್ಲಿ ಹಬ್ಬ. ಹಾಡು ಸುಮ್ಮನಾದಾಗ ಹೇಳುವುದು, ಹಾಲು ಕುಡಿಯುವುದು, ಕಿಟಕಿ ನೋಡುವುದು. ಟೈಲರಮ್ಮ ಅದನ್ನು ನೋಡಲೆಂದೇ ಮೇಲೆ ಬರುತ್ತಿದ್ದಳು. ಹಾಡು ನಿಂತ ಮೊದಲ ಭಾನುವಾರ ಅದೇ ಹೊತ್ತಿಗೆ ಅಮ್ಮ ರೇಡಿಯೋ ಕಡೆ ತಿರುಗಿ ಕುಳಿತಳು. ಬೇರೆ ಯಾವುದೋ ಹಾಡು ಬಂತು, ಇನ್ನೊಂದು ಬಂತು, ವಾರ್ತೆ ಬಂತು. ಕುಳಿತೇ ಇದ್ದಳು. ಎಬ್ಬಿಸಲು ಹೋದರೆ ಕೈ ತಳ್ಳಿದಳು. ಆ ಮೇಲೆ ಚಮಚ ಬಾಯಿಯ ಹತ್ತಿರ ತಂದರೆ ಹಲ್ಲು ಕಚ್ಚಿ ಹಿಡಿಯುತ್ತಾಳೆ.

ನಾನೇನೂ ಕೈಕಟ್ಟಿ ಕೂರಲಿಲ್ಲ. ಟೈಲರಮ್ಮನ ಅಳಿಯನ ಹತ್ತಿರ ರೆಕಾರ್ಡು ಹಾಕುವ ಪೆಟ್ಟಿಗೆ ಇತ್ತು, ಎರವಲು ತಂದೆ. ಅಂಗಡಿಯವನು ನಿನ್ನ ರೆಕಾರ್ಡನ್ನು ಬೇರೆ ಕವರಿನಲ್ಲಿ ಸುತ್ತಿ ಕಳ್ಳಮಾಲಿನ ಹಾಗೆ ಕೊಟ್ಟ. ಹಾಕಿದೆ. ಅದರಲ್ಲಿ ನೀನು ಎಂಟು ಸಲವೂ ನೀನೇ ಹೇಳುತ್ತೀಯ, ಅಮ್ಮನಿಗೆ ಹೇಳಲು ಜಾಗವೇ ಇಲ್ಲ. ಅವಳು ತಿರುಗುವ ತಟ್ಟೆ ನೋಡುತ್ತಾ ನಿದ್ದೆ ಹೋದಳು. ಮಾರನೆಯ ದಿನ ನಾಚಿಕೆ ಬಿಟ್ಟು ನಾನೇ ಹಾಡಿದೆ. ನನ್ನ ಕತ್ತೆ ದನಿ ನಿನಗೆ ಗೊತ್ತು. ‘ಊಟ ಆರಿ ಹೋಯ್ತು, ಬಾರೋ’ ಎಂದು ಹಾಡಿ, ನಿಲ್ಲಿಸಿ, ಅವಳ ಮುಖ ನೋಡಿಕೊಂಡು ಕಾದೆ. ಅವಳು ಬಹಳ ದಿನದ ಮೇಲೆ ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು. ‘ಚೆನ್ನಾಗಿ ಹಾಡ್ತೀರಿ. ಯಾರ ಮನೆಯವರು ನೀವು?’ ಎಂದಳು.

ರೆಕಾರ್ಡು ಕಂಪನಿಯವರು ನಿನ್ನ ಎರಡನೆಯ ರೆಕಾರ್ಡು ಬೇಡ ಎಂದರೆಂದು ಬರೆದಿದ್ದೀಯ. ಎಂಟು ವರ್ಷ ಹೋಟೆಲಿನಲ್ಲಿ ತಿನ್ನುವವರ ಮುಂದೆ ಹಾಡಿ ಹಾಡಿ ಕಡೆಗೂ ಒಂದು ಬಾಗಿಲು ತೆರೆದಿತ್ತು. ಮತ್ತೆ ಅದೇ ಪ್ರಶ್ನೆ ಕೇಳಿದ್ದೀಯ, ದೂರು ಬರೆದ ಆ ಹೆಂಗಸು ಯಾರು ಎಂದು. ಹೆಸರು ಸಿಕ್ಕರೆ ಏನು ಮಾಡುತ್ತೀಯ? ಹೋಗಿ ಹೊಡೆಯುತ್ತೀಯಾ? ಅವಳೂ ಏನೋ ನೊಂದವಳೇ ಇರಬೇಕು ಎಂದುಕೊಂಡು ಬಿಟ್ಟುಬಿಡು ತಮ್ಮ. ಸಾಧ್ಯವಾದರೆ ಒಮ್ಮೆ ಬಂದು ಹೋಗು. ಬೇಗ ಬಾ. ಒಳ್ಳೆಯದಾಗಲಿ ನಿನಗೆ.

ಅಕ್ಕ

*

ಶುಕ್ರವಾರ, ನವೆಂಬರ್ ೮

ಪ್ರೀತಿಯ ಪೀಪಿಗೆ,

ನೀನು ಸುಖವಾಗಿ ತಲುಪಿದ ಕಾಗದ ಬಂತು. ಉತ್ತರ ಬರೆಯಲು ಎರಡು ವಾರ ತೆಗೆದುಕೊಂಡೆ, ಈಗ ಔಷಧಿ ಡಬ್ಬಿಯ ನೆಪವೂ ಇಲ್ಲ. ಡಬ್ಬಿಯನ್ನು ಟೈಲರಮ್ಮ ಗುಂಡಿ ಹಾಕಿಕೊಳ್ಳಲು ಒಯ್ದಳು.

ಅಮ್ಮನ ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ. ಕೋಣೆ ದೊಡ್ಡದಾಗಿ ಕಾಣುತ್ತದೆ, ಎಲ್ಲಿ ಕುಳಿತುಕೊಳ್ಳಬೇಕು ಎಂದೇ ತಿಳಿಯುವುದಿಲ್ಲ. ಅವಳ ಸೀರೆಗಳನ್ನು ಒಗೆದು ಇಸ್ತ್ರಿ ಮಾಡಿಟ್ಟೆ. ಅವಳಂತೆ ಅಂಚು ಕೂರಿಸಲು ನನಗೆ ಬರುವುದಿಲ್ಲ, ಇದ್ದಿದ್ದರೆ ಕಿತ್ತು ಮತ್ತೆ ಮಾಡುತ್ತಿದ್ದಳು. ಯಾರಿಗೆ ಕೊಡುವುದೋ ನೋಡಬೇಕು.

ನೀನು ಒಂದು ದಿನ ತಡವಾಗಿ ಬಂದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡ. ತಂತಿ ತಲುಪಿದ್ದೇ ತಡವಾಗಿ. ಮುಖ ನೋಡಲು ಸಿಗಲಿಲ್ಲ ಎಂದು ನೀನು ಬಾಗಿಲಲ್ಲೇ ಕುಸಿದು ಕುಳಿತದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಎಂಟು ವರ್ಷದಲ್ಲಿ ಎಷ್ಟು ಬಡಕಲಾಗಿದ್ದೀಯ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯ. ಯಾವ ಕೆಲಸವೂ ಕೀಳಲ್ಲ. ಆದರೆ ನಿನ್ನ ಗಂಟಲಿನಿಂದ ಪ್ಲಾಟ್‌ಫಾರಂ ನಂಬರು ಕೇಳುವ ಜನಕ್ಕೆ ಅದು ಯಾರ ಗಂಟಲು ಎಂದು ಗೊತ್ತಿಲ್ಲವಲ್ಲ, ಅದು ಸಂಕಟ. ಇನ್ನು ಹಾಡುವುದಿಲ್ಲ ಎಂದು ಬರೆದಿದ್ದೀಯ. ಹಾಗೆನ್ನಬೇಡ ಎಂದು ಬರೆಯಲು ಹೋದೆ, ಯಾವ ಬಾಯಲ್ಲಿ ಹೇಳಲಿ.

ನಿಲಯದಲ್ಲಿ ಎಲ್ಲ ಮೊದಲಿನಂತೆಯೇ. ಕತ್ತರಿ ಬೇರೆ ಊರಿಗೆ ವರ್ಗವಾಗಿ ಹೋದ. ಹೋಗುವಾಗ ತನ್ನ ಮೇಜು ಖಾಲಿ ಮಾಡುತ್ತಾ ಆ ಎಂಟು ಚೂರಿನ ಟೇಪನ್ನು ನನಗೆ ಕೊಟ್ಟ, ‘ಎಸೆಯೋಕೆ ಮನಸ್ಸಾಗ್ಲಿಲ್ಲ, ನೀವಿಟ್ಕೊಳ್ಳಿ’ ಎಂದು. ರೆಕಾರ್ಡುಗಳ ಹಿಂದೆ ಇಟ್ಟಿದ್ದೇನೆ. ಮೇಷ್ಟ್ರು ಸಿಕ್ಕಿದ್ದರು, ಹಾಡಿದ ಹುಡುಗ ಈಗ ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸುಳ್ಳು ಹೇಳುವುದು ನನಗೀಗ ರೂಢಿಯಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊಸ ಕೋಣೆಗೆ ಬೆಳಕು ಬರುತ್ತದೆಯೇ, ಅಕ್ಕಪಕ್ಕದವರು ಹೇಗೆ, ಬರೆಯಬೇಕು ಅನ್ನಿಸಿದರೆ ಬರೆ. ನೀನು ಎಲ್ಲಿದ್ದರೂ ತಣ್ಣಗಿರು. ನನ್ನ ಆಯುಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಅದೂ ನಿನಗೇ ಸೇರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಸಹಿ ಹಾಕಿದ ಮೇಲಾದರೂ ಧೈರ್ಯ ಬರುತ್ತದೇನೋ ಎಂದು ಇಲ್ಲಿಗೆ ಇಟ್ಟುಕೊಂಡೆ.

ಆ ದೂರು ಬರೆದವಳು ನಾನು. ಬೀರುವಿನಲ್ಲಿ ಬೀಗ ಹಾಕಿಟ್ಟ ಫೈಲು ಎಂದದ್ದೆಲ್ಲ ಸುಳ್ಳು. ಊಟದ ಬಿಡುವಿನಲ್ಲಿ ಆಫೀಸಿನ ಟೈಪ್‌ರೈಟರಿನಲ್ಲೇ ಹೊಡೆದೆ. ‘ಸ್ತ್ರೀಯರ ಗೌರವಕ್ಕೆ ಧಕ್ಕೆ ತರುವ ಪದ’, ಹೀಗೆ ಬರೆದರೆ ಫೈಲು ಓಡುತ್ತದೆ ಎಂದು ಹತ್ತೊಂಬತ್ತು ವರ್ಷದಿಂದ ನೋಡಿದ್ದೇನೆ. ವಿಧವೆ ಎಂದು ಸಹಿ ಮಾಡಿದೆ. ಮದುವೆಯೇ ಆಗದವಳು ವಿಧವೆ ಆದೆ ನೋಡು.

ಯಾಕೆ ಎಂದರೆ, ನಿನ್ನ ಹಾಡು ಮೊದಲ ಸಲ ಬಂದ ಮಾರ್ಚಿನ ಆ ಭಾನುವಾರ ಅಮ್ಮನಿಗೆ ಇನ್ನೂ ಮಾತಿತ್ತು. ಹಾಡು ಕೇಳಿ ಅವಳ ಮುಖ ಅರಳಿತು. ನನಗೆ ಆಸೆಯಾಯಿತು. ಹತ್ತಿರ ಕುಳಿತು, ನಿಮಗೆ ಎಷ್ಟು ಜನ ಮಕ್ಕಳು ಎಂದು ಕೇಳಿದೆ. ‘ಒಬ್ಬನೇ. ಅಗೋ ಹಾಡ್ತಾ ಇದೆಯಲ್ಲ ಮುಂಡೇದು, ಕೇಳಿ’ ಎಂದಳು. ಅವಳ ಕೈ ನನ್ನ ಕೈಯಲ್ಲಿತ್ತು. ಮಾರನೆಯ ದಿನ ಕಾಗದ ಹೊಡೆದೆ. ಹಾಡು ನಿಲ್ಲಲಿ ಎಂದಲ್ಲ, ಆಣೆ ಮಾಡಿ ಹೇಳುತ್ತೇನೆ, ಆ ಒಂದು ಪದ ಮಾತ್ರ ತೆಗೆಯಲಿ ಎಂದು. ಅದು ನಮ್ಮಿಬ್ಬರದೂ ಆಗಿತ್ತು ಪೀಪಿ. ಅಮ್ಮ ಬಾಗಿಲಲ್ಲಿ ನಿಂತು ‘ಬನ್ರೋ ಮುಂಡೇವಾ’ ಎಂದೇ ಕೂಗಿದ್ದು, ಒಂದು ದಿನವೂ ಬಾರೋ ಎಂದಲ್ಲ. ನಾವಿಬ್ಬರೂ ಕೈ ಹಿಡಿದುಕೊಂಡು ಓಡಿ ಬರುತ್ತಿದ್ದೆವು. ನೀನು ಅದನ್ನು ಏಕವಚನ ಮಾಡಿದೆ, ಅಮ್ಮ ಅದನ್ನೇ ನಂಬಿದಳು.

ಆ ದಿನ ನಿನ್ನನ್ನು ಬಸ್ಸು ಹತ್ತಿಸುವಾಗ ನಿಜ ಹೇಳಿಬಿಡಬೇಕೆಂದೇ ಬಂದಿದ್ದೆ. ನೀನು ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು, ‘ಅಮ್ಮ ಹಾಗೆ ಕರೀತಿದ್ದಿದ್ದು ನನ್ನೊಬ್ಬನ್ನೇ ಅಲ್ವಾ ಅಕ್ಕ’ ಎಂದೆ. ನಿನಗೂ ನೆನಪಿಲ್ಲ. ಈಗ ಅದು ನೆನಪಿರುವುದು ನನಗೊಬ್ಬಳಿಗೇ, ಮತ್ತು ನನ್ನ ಮಾತಿಗೆ ಸಾಕ್ಷಿ ಇಲ್ಲ.

ಕೊನೆಯಲ್ಲಿ ಅಮ್ಮ ಏನಂದಳು ಎಂದು ನೀನು ಕೇಳಿದಾಗ, ನಿನ್ನನ್ನು ಕರೆದಳು ಎಂದೆ. ಅದೂ ಸುಳ್ಳು. ನಾನು ಅವಳ ಬಾಯಿ ಒರೆಸುತ್ತಿದ್ದೆ. ಕಣ್ಣು ಬಿಟ್ಟು, ‘ನಿಮಗೆ ತುಂಬಾ ತೊಂದ್ರೆ ಕೊಟ್ಟೆ. ನಿಮ್ಮನ್ನ ಹೆತ್ತವಳು ಪುಣ್ಯವಂತೆ’ ಎಂದಳು.

ಅವಳ ಬಾಯಿಯಿಂದ ಆ ಪದ ಬರುತ್ತಿದ್ದ ಎಂಟು ಭಾನುವಾರವನ್ನೂ ನಾನೇ ತಂದೆ, ನಾನೇ ಕಳೆದೆ. ಸಾಹೇಬರಿಗೆ ಒಂದು ‘ಹೌದು’ ಎಂದಿದ್ದರೆ ಉಳಿಯುತ್ತಿತ್ತೇನೋ. ನಿನ್ನ ಗಂಟಲನ್ನೂ ಕಳೆದೆ. ಕ್ಷಮಿಸು ಎಂದು ಬರೆಯುವುದಿಲ್ಲ, ಅದು ಆಗುವ ಮಾತಲ್ಲ ಎಂದು ನನಗೆ ಗೊತ್ತು. ನಿನ್ನೆ ಊಟದ ಬಿಡುವಿನಲ್ಲಿ ಸ್ಟುಡಿಯೋ ಬಾಗಿಲು ಹಾಕಿಕೊಂಡು ಆ ಎಂಟು ಚೂರು ಕೇಳಿದೆ. ಕಣ್ಣು ಮುಚ್ಚಿಕೊಂಡು ನನ್ನನ್ನೇ ಕರೆಯುತ್ತಿದೆ ಎಂದುಕೊಳ್ಳಲು ನೋಡಿದೆ. ನಿನ್ನ ದನಿ ಅಮ್ಮನ ದನಿಯೇ ಕಣೋ.

ನೀನು ಉತ್ತರ ಬರೆಯುವುದಿಲ್ಲ ಎಂದುಕೊಂಡಿದ್ದೇನೆ. ಒಂದು ವೇಳೆ ಬರೆದರೆ ಬೈದು ಬರೆ, ಮುಂಡೇದೇ ಎಂದೇ ಬೈ. ಈ ಸಲ ಅದು ಬರೀ ಬೈಗುಳವಾಗಿರುತ್ತದೆ, ಆಗಲಿ. ನೀವು ಎಂದು ಮಾತ್ರ ಬರೆಯಬೇಡ.